ನೆಕ್ಸ್ಟ್ ನೆಕ್ಸ್ಟ್ ಒತ್ತದೆ ಸಾಫ್ಟ್‌ವೇರ್ ಹಾಕುವುದು ಹೇಗೆ?

ಒಂದು ಶಾಲೆಯ ಲ್ಯಾಬ್‌ನಲ್ಲಿ 20 ಕಂಪ್ಯೂಟರ್‌ಗಳಿದ್ದವು. ಒಂದೊಂದರ ಮುಂದೆಯೂ ಕೂತು ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಒತ್ತಿ ಬಂದಿದ್ದೆ. ಮರುದಿನ ಮಕ್ಕಳು ಲಾಗಿನ್ ಆದರೆ ಪ್ರೋಗ್ರಾಮೇ ಇಲ್ಲ! ಅದು ನನ್ನ ಅಕೌಂಟ್‌ಗೆ ಮಾತ್ರ ಇನ್‌ಸ್ಟಾಲ್ ಆಗಿತ್ತು. ಅವತ್ತಿನಿಂದ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಸಾಫ್ಟ್‌ವೇರ್ ಇಡೀ ಕಂಪ್ಯೂಟರ್‌ಗೋ, ಒಬ್ಬರಿಗೋ?

ವಿಂಡೋಸ್‌ನಲ್ಲಿ ಡಾಟ್ ಎಂಎಸ್‌ಐ ಎಂದು ಮುಗಿಯುವ ಫೈಲ್ ಅಂದ್ರೆ ಒಂದು ಪುಟ್ಟ ಡೇಟಾಬೇಸ್. ಯಾವ ಫೈಲ್ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರೊಳಗಿನ ಟೇಬಲ್‌ಗಳಲ್ಲಿ ಇರುತ್ತದೆ. ಪ್ರಾಪರ್ಟಿ, ಅಂದರೆ ಹೆಸರಿಟ್ಟ ಸೆಟ್ಟಿಂಗ್‌ಗಳ ಟೇಬಲ್ಲೂ ಇದೆ. ಅದರಲ್ಲಿರುವ ಕೆಲವು ಮೌಲ್ಯಗಳನ್ನು ನಾವು ಹೊರಗಿನಿಂದಲೇ ಬದಲಿಸಬಹುದು.

ಫೈಲ್‌ಗಳನ್ನು ಕುಗ್ಗಿಸುವ ಸೆವೆನ್ ಜಿಪ್ ಪ್ರೋಗ್ರಾಮಿನ ಎಂಎಸ್‌ಐ ಫೈಲನ್ನೇ ತೆಗೆದುಕೊಳ್ಳೋಣ. ಕಮಾಂಡ್ ಪ್ರಾಂಪ್ಟನ್ನು (ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಫೈಲ್ ಇರುವ ಫೋಲ್ಡರ್‌ಗೆ ಹೋಗಿ ಹೀಗೆ ಟೈಪ್ ಮಾಡಿ (ಇಲ್ಲಿ ಕನ್ನಡದಲ್ಲಿದೆ, ನೀವು ಇಂಗ್ಲಿಷ್ ಅಕ್ಷರ ಬಳಸಿ):

ಎಂಎಸ್‌ಐಎಕ್ಸೆಕ್ /ಐ ಸೆವೆನ್‌ಜಿಪ್.ಎಂಎಸ್‌ಐ ಇನ್‌ಸ್ಟಾಲ್‌ಡಿರ್="ಡಿ:\ನನ್ನ ಆ್ಯಪ್" /ಕ್ಯೂಎನ್

ಎಂಎಸ್‌ಐಎಕ್ಸೆಕ್ ಅಂದರೆ ಎಂಎಸ್‌ಐ ಫೈಲನ್ನು ಓದಿ ಕೆಲಸ ಮಾಡುವ ವಿಂಡೋಸ್‌ನದೇ ಪ್ರೋಗ್ರಾಮ್. /ಐ ಅಂದರೆ ಇನ್‌ಸ್ಟಾಲ್ ಮಾಡು. /ಕ್ಯೂಎನ್ ಅಂದರೆ ಒಂದು ಕಿಟಕಿಯನ್ನೂ ತೋರಿಸಬೇಡ. ನಡುವಿನದು ಪ್ರಾಪರ್ಟಿ. ಅದರ ಹೆಸರು ಪೂರ್ತಿ ದೊಡ್ಡಕ್ಷರದಲ್ಲೇ ಇರಬೇಕು. ಸಣ್ಣಕ್ಷರ ಸೇರಿರುವ ಪ್ರಾಪರ್ಟಿಗಳು ಪ್ಯಾಕೇಜಿನ ಒಳಗಿನ ಬಳಕೆಗೆ, ಕಮಾಂಡ್ ಲೈನ್‌ನಿಂದ ಅವು ಬದಲಾಗಲ್ಲ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಮೌಲ್ಯದೊಳಗೆ ಜಾಗವಿದ್ದರೆ ಜೋಡಿ ಉದ್ಧರಣ ಚಿಹ್ನೆ ಹಾಕಿ. ಇನ್‌ಸ್ಟಾಲ್‌ಡಿರ್ ಎಂಬ ಹೆಸರು ಎಲ್ಲ ಪ್ಯಾಕೇಜಿನಲ್ಲೂ ಇರಲ್ಲ. ಪ್ಯಾಕೇಜ್ ಮಾಡಿದವರು ಇಟ್ಟಿದ್ದೇ ಹೆಸರು, ಹಾಗಾಗಿ ಅವರ ಸೂಚನೆ ಓದಿ.

ಈಗ ನನ್ನ ಲ್ಯಾಬ್‌ನ ಕತೆಗೆ ಬರೋಣ. ಅದಕ್ಕೆ ಬೇಕಿದ್ದದ್ದು ಆಲ್‌ಯೂಸರ್ಸ್ ಎಂಬ ಪ್ರಾಪರ್ಟಿ. ಆಲ್‌ಯೂಸರ್ಸ್=1 ಎಂದರೆ ಇಡೀ ಕಂಪ್ಯೂಟರ್‌ಗೆ, ಅದಕ್ಕೆ ಅಡ್ಮಿನ್ ಹಕ್ಕು ಬೇಕು. ಮೌಲ್ಯ ಖಾಲಿ ಬಿಟ್ಟರೆ ಲಾಗಿನ್ ಆದವರಿಗೆ ಮಾತ್ರ. ವಿಂಡೋಸ್ 7ರಿಂದ ಇನ್ನೊಂದು ದಾರಿಯೂ ಇದೆ. ಆಲ್‌ಯೂಸರ್ಸ್=2 ಜೊತೆಗೆ ಎಂಎಸ್‌ಐಇನ್‌ಸ್ಟಾಲ್‌ಪರ್‌ಯೂಸರ್=1 ಕೊಟ್ಟರೆ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ನಿಮ್ಮೊಬ್ಬರಿಗೇ ಹಾಕಿಕೊಳ್ಳಬಹುದು. ಫೈಲ್‌ಗಳು ಪ್ರೋಗ್ರಾಮ್ ಫೈಲ್ಸ್ ಬದಲು ನಿಮ್ಮ ಆ್ಯಪ್‌ಡೇಟಾದ ಲೋಕಲ್ ಫೋಲ್ಡರ್‌ನಲ್ಲಿ, ಪ್ರೋಗ್ರಾಮ್ಸ್ ಒಳಗೆ ಹೋಗುತ್ತವೆ. ಆದರೆ ಪ್ಯಾಕೇಜನ್ನು ಎರಡೂ ರೀತಿಗೆ ಹೊಂದುವಂತೆ ಮಾಡಿರಬೇಕು. ಇಲ್ಲದಿದ್ದರೆ ಬಲವಂತ ಮಾಡಬೇಡಿ. ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿ ಆಮೇಲೆ ತೆಗೆಯುವುದೇ ಕಷ್ಟ.

ಪೈತಾನ್‌ನ ಇಎಕ್ಸ್‌ಇ ಇನ್‌ಸ್ಟಾಲರ್‌ನ ರೀತಿ ಬೇರೆ. ಅದಕ್ಕೆ ಎಂಎಸ್‌ಐಎಕ್ಸೆಕ್ ಬೇಡ. /ಕ್ವಯಟ್ ಮತ್ತು ಇನ್‌ಸ್ಟಾಲ್‌ಆಲ್‌ಯೂಸರ್ಸ್=1 ಕೊಟ್ಟರೆ ಸಾಕು. ಕೊಡದಿದ್ದರೆ ಒಬ್ಬರಿಗೆ ಮಾತ್ರ ಹಾಕುತ್ತದೆ.

ಕಿಟಕಿಯೇ ಕಾಣದಿದ್ದರೆ ಕೆಲಸ ಆಯ್ತೋ ಇಲ್ವೋ ಹೇಗೆ ಗೊತ್ತಾಗಬೇಕು, ಅಲ್ವಾ? ಎಂಎಸ್‌ಐ ಕಮಾಂಡಿನ ಕೊನೆಗೆ /ಎಲ್*ವಿ ಸೇರಿಸಿ, ಒಂದು ಲಾಗ್ ಫೈಲಿನ (ನಡೆದದ್ದನ್ನೆಲ್ಲ ಬರೆದಿಡುವ ಫೈಲ್) ಹೆಸರು ಕೊಡಿ. ಕೆಲಸ ಹೇಗೆ ಮುಗಿಯಿತು ಎಂದು ಎಂಎಸ್‌ಐಎಕ್ಸೆಕ್ ಹೇಳುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್, 0 ಇದ್ದರೆ ಎಲ್ಲ ಸರಿ. 3010 ಇದ್ದರೆ ರೀಸ್ಟಾರ್ಟ್ ಮಾಡಬೇಕು. 1618 ಅಂದರೆ ಬೇರೊಂದು ಇನ್‌ಸ್ಟಾಲ್ ನಡೀತಾ ಇದೆ, ಸ್ವಲ್ಪ ಕಾಯಿರಿ. 1603 ಬಂದರೆ ಇನ್‌ಸ್ಟಾಲ್ ವಿಫಲವಾಗಿದೆ, ಲಾಗ್ ತೆರೆದು ‘ರಿಟರ್ನ್ ವ್ಯಾಲ್ಯೂ 3’ ಎಂಬ ಸಾಲು ಹುಡುಕಿ. ನಿಜವಾದ ಕಾರಣ ಹೆಚ್ಚಾಗಿ ಅದರ ಸ್ವಲ್ಪ ಮೇಲೇ ಇರುತ್ತದೆ. ಲಾಗ್‌ನ ಕೊನೆಯಲ್ಲಿ ಎಲ್ಲ ಪ್ರಾಪರ್ಟಿಗಳ ಮೌಲ್ಯವೂ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟಿದ್ದರೆ ಅದೂ ಅಲ್ಲಿ ಬಿದ್ದಿರಬಹುದು, ಬೇರೆಯವರಿಗೆ ಕಳಿಸುವ ಮುಂಚೆ ನೋಡಿಕೊಳ್ಳಿ.

ಇಷ್ಟಾದ ಮೇಲೆ ನಿಮ್ಮ ಅಕೌಂಟ್‌ನಿಂದ ಹೊರಬನ್ನಿ. ಮಕ್ಕಳು ಬಳಸುವ ಅಕೌಂಟ್‌ನಿಂದ ಲಾಗಿನ್ ಆಗಿ, ಸ್ಟಾರ್ಟ್ ಮೆನುವಿನಲ್ಲಿ ಪ್ರೋಗ್ರಾಮ್ ಹುಡುಕಿ, ಒಂದು ಸಲ ತೆರೆದು ನೋಡಿ. ಅಲ್ಲಿ ತೆರೆದುಕೊಂಡರೆ ಮಿಕ್ಕ 19 ಕಂಪ್ಯೂಟರ್‌ಗಳಿಗೆ ಅದೇ ಸಾಲನ್ನು ಧೈರ್ಯವಾಗಿ ಕಾಪಿ ಮಾಡಬಹುದು.