ಕಾರ್ಡ್ ಒಡಿಶಾದ್ದು, ಅಕ್ಕಿ ಪೀಣ್ಯದಲ್ಲಿ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಸುತ್ತಮುತ್ತಲಿನ ವಠಾರಗಳಲ್ಲಿ ಒಡಿಶಾ, ಬಿಹಾರದ ಕಡೆಯಿಂದ ಬಂದ ಕುಟುಂಬಗಳು ತುಂಬ ಇವೆ. ಅವರಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ರೇಷನ್ ಕೊಡಿಸೋಕೆ ನಾನು ಓಡಾಡುತ್ತಿದ್ದೇನೆ. ಕಾನೂನಿನ ಅಡ್ಡಿ ಏನೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕಾರ್ಡಿನವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಇದೆ. ‘ಒನ್ ನೇಷನ್ ಒನ್ ರೇಷನ್ ಕಾರ್ಡ್’ ಬಂದ ಮೇಲೆ ಅದನ್ನು ಬೇರೆ ರಾಜ್ಯದಲ್ಲೂ ತಗೋಬಹುದು. ಕರ್ನಾಟಕ 2020ರ ಜನವರಿಯಲ್ಲೇ ಇದಕ್ಕೆ ಸೇರಿತು. 2023ರಿಂದ ಈ ಧಾನ್ಯಕ್ಕೆ ದುಡ್ಡೂ ಕೊಡಬೇಕಿಲ್ಲ. ಆದರೂ ಎಷ್ಟೋ ಮನೆಯವರು ಕಿರಾಣಿ ಅಂಗಡಿಯಲ್ಲಿ ಪೂರ್ತಿ ರೇಟು ಕೊಟ್ಟು ಅಕ್ಕಿ ತರುತ್ತಿದ್ದರು.

ಯಾಕೆ ಅಂತ ಕ್ಯೂನಲ್ಲೇ ನಿಂತು ನೋಡಿದೆ. ಅಂಗಡಿ ತೆರೆಯುವ ಹೊತ್ತಿಗೆ ಗಂಡ ಶಿಫ್ಟಿಗೆ ಹೋಗಿರುತ್ತಾನೆ, ಬರುವುದು ಹೆಂಡತಿ. ಒಡಿಯಾ ಬಿಟ್ಟರೆ ಬೇರೆ ಮಾತು ಬಾರದು. ಕಾರ್ಡ್ ಮುಂದೆ ಚಾಚುತ್ತಾರೆ. ಅದರ ಮೇಲಿನ ಅಕ್ಷರ ನೋಡಿ ಅಂಗಡಿಯವರು ‘ಇದು ಇಲ್ಲಿ ನಡೆಯಲ್ಲಮ್ಮ’ ಅಂತಾರೆ. ಹಿಂದೆ ಉದ್ದ ಸಾಲು. ಮರುಮಾತಿಲ್ಲದೆ ಅವರು ಪಕ್ಕಕ್ಕೆ ಸರಿಯುತ್ತಾರೆ. ಇನ್ನು ಕೆಲವರ ಹೆಬ್ಬೆಟ್ಟನ್ನು ಯಂತ್ರ ಹಿಡಿಯುವುದಿಲ್ಲ. ಸಿಮೆಂಟು, ಕಬ್ಬಿಣದ ಕೆಲಸದಲ್ಲಿ ಬೆರಳಿನ ಗೆರೆ ಸವೆದಿರುತ್ತೆ. ‘ಆಗ್ತಿಲ್ಲ’ ಅಂದರೆ ಕಾರ್ಡೇ ರದ್ದಾಗಿದೆ ಅಂದುಕೊಂಡು ಮನೆಗೆ ಹೋಗುತ್ತಾರೆ. ಕೈ ತೊಳೆದು ಬೇರೆ ಬೆರಳು ಇಡಿ ಅಂತ ಅವರಿಗೆ ತಿಳಿಯುವ ಹಾಗೆ ಹೇಳುವವರು ಇದ್ದಿದ್ದರೆ ಸಾಕಿತ್ತು.

ಮೊದಲು ಒಂದು ಕನ್ನಡ ಚೀಟಿ ಮಾಡಿದೆ. ‘ನಮ್ಮದು ಒಡಿಶಾ ಕಾರ್ಡ್. ಒನ್ ನೇಷನ್ ಸ್ಕೀಮಿನಲ್ಲಿ ನಮ್ಮ ಪಾಲು ಕೊಡಿ. ಆಧಾರ್ ನಂಬರ್ ಹಾಕಿ ನೋಡಿ.’ ಇಷ್ಟೇ. ಕಾರ್ಡ್ ಬದಲು ಈ ಚೀಟಿ ಮತ್ತು ಆಧಾರ್ ಮುಂದಿಡಿ ಅಂತ ಹೇಳಿಕೊಟ್ಟೆ. ಆಧಾರಿನ ಅಂಕಿ ಯಾರು ಬೇಕಾದರೂ ಓದಬಹುದು, ಅಲ್ವಾ? ನಂಬರ್ ಒತ್ತಿದರೆ ಯಂತ್ರವೇ ಮನೆಯವರ ಹೆಸರು ತೋರಿಸುತ್ತೆ. ಆಮೇಲೆ ಅಂಗಡಿಯವರೂ ತಕರಾರು ಮಾಡಲಿಲ್ಲ. ಅವರಿಗೂ ಬೇಕಿದ್ದದ್ದು ವಿಷಯ ಏನು ಅನ್ನುವ ಒಂದು ಸುಳಿವು.

ನಿಜವಾಗಿ ಕಷ್ಟವಾದದ್ದು ಬೇರೆ. ಇಲ್ಲಿ ತಗೊಂಡರೆ ಊರಲ್ಲಿರುವ ಅತ್ತೆ-ಮಾವನ ಪಾಲು ನಿಂತುಹೋಗುತ್ತೆ ಅನ್ನುವ ಭಯ. ಇದನ್ನು ಕೈಸನ್ನೆಯಲ್ಲೋ ಹರಕು ಹಿಂದಿಯಲ್ಲೋ ಬಿಡಿಸಿ ಹೇಳೋಕಾಗಲ್ಲ. ಹೊಟ್ಟೆಯ ವಿಷಯ, ತಮ್ಮವರ ಬಾಯಿಂದಲೇ ಕೇಳಬೇಕು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಒಡಿಯಾ ಹೆಣ್ಣುಮಗಳೊಬ್ಬಳನ್ನು ಕೇಳಿಕೊಂಡೆ. ‘ಅಕ್ಕಾ, ನಾನು ಹೇಳ್ತೀನಿ ಬಿಡಿ’ ಅಂದಳು. ಇಲ್ಲಿರುವವರು ತಮ್ಮ ಪಾಲು ಮಾತ್ರ ಇಲ್ಲಿ ತಗೋಬಹುದು, ಉಳಿದದ್ದನ್ನು ಊರಲ್ಲಿರುವವರು ಅಲ್ಲೇ ತಗೋಬಹುದು ಅಂತ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದಳು. ಬರಹ ಬೇಡ ಅಂದವಳೂ ಅವಳೇ. ಒಡಿಯಾ ಓದಲು ಬಾರದವರೂ ಅಲ್ಲಿದ್ದಾರೆ. ಆ ಧ್ವನಿ ವಠಾರದಿಂದ ವಠಾರಕ್ಕೆ ಹೋಯಿತು. ಸಹಾಯವಾಣಿ 14445 ಅನ್ನೂ ಅದರಲ್ಲೇ ಸೇರಿಸಿದ್ದಳು.

ಸ್ಟಾಕ್ ಬಂದ ಸುದ್ದಿ ಮಾತ್ರ ಇನ್ನೂ ಕನ್ನಡ ಬೋರ್ಡಿನಲ್ಲೇ ಇರುತ್ತೆ. ಅದಕ್ಕೆ ಪ್ರತಿ ವಠಾರದಲ್ಲೂ ಕನ್ನಡ ಬಲ್ಲ ಒಬ್ಬ ನೆರೆಯವರನ್ನು ಗೊತ್ತು ಮಾಡುತ್ತಿದ್ದೇನೆ. ಬೋರ್ಡ್ ಹಾಕಿದ ದಿನವೇ ಅವರು ಪಕ್ಕದ ಮನೆಯ ಬಾಗಿಲು ತಟ್ಟಿ ಹೇಳಬೇಕು.