50 ವ್ಯಾಟಿನ ರಿಸೀವರ್ ಸಾಕಾಯಿತು: ನನ್ನ ಅನುಭವ

"ಈ ರಿಸೀವರ್ ಇಟ್ಕೊಂಡು ಏನೂ ಆಗಲ್ಲ, ಮಾರಿಬಿಡು" ಅಂತ, ನಾನು ಹಾಡು ಕೇಳಲು ಸ್ಪೀಕರ್‌ಗಳಿಗೆ ಜೋಡಿಸಿರುವ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ನೋಡಿ ಮೂವರು ಗೆಳೆಯರು ಹೇಳಿದ್ದರು. ಮೂವರ ಹತ್ತಿರವೂ ನನ್ನದಕ್ಕಿಂತ ದುಬಾರಿ ಸೆಟ್ ಇದೆ. ಹೋದ ತಿಂಗಳು ಅವರಲ್ಲಿ ಒಬ್ಬ ಬಂದು ಹಾಡು ಕೇಳುತ್ತಾ ಕೂತವನು ಎರಡು ಗಂಟೆ ಏಳಲಿಲ್ಲ. ಹೊರಡುವಾಗ ಬೇರೆ ಆಂಪ್ಲಿಫೈಯರ್ ಎಲ್ಲಾದರೂ ಇದೆಯಾ ಅಂತ ಕಪಾಟಿನ ಹಿಂದೆ ಬಗ್ಗಿ ನೋಡಿದ. ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಚಾನೆಲ್‌ಗೆ, ಅಂದರೆ ಎಡ ಬಲ ಒಂದೊಂದು ಸ್ಪೀಕರ್‌ಗೂ, 50 ವ್ಯಾಟಿನ ಸಾದಾ ಸ್ಟೀರಿಯೊ ರಿಸೀವರ್. ಶುರುವಿನಲ್ಲಿ ಬಾಸ್, ಅಂದರೆ ತಗ್ಗು ದನಿ, ಗುಂಯ್ ಅನ್ನುತ್ತಿತ್ತು. ಹಾಡುವವರ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತಿತ್ತು. ತಪ್ಪು ರಿಸೀವರ್‌ದೇ ಅಂದುಕೊಂಡು 100 ವ್ಯಾಟಿನದು ತಂದೆ. ಅದೇ ಗುಂಯ್, ಅದೇ ಕಂಬಳಿ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಒಂಚೂರು ಜೋರು ಅಷ್ಟೇ ಅಲ್ವಾ. ನಾನು ಕೇಳುವ ಮಟ್ಟಕ್ಕೆ ಒಂದೆರಡು ವ್ಯಾಟ್ ದಾಟುವುದೇ ಅಪರೂಪ. ನಾಲ್ಕು ತಿಂಗಳ ಮೇಲೆ ಅದನ್ನು ಮಾರಿದೆ. ಕೊಟ್ಟಿದ್ದರಲ್ಲಿ ಅರ್ಧದಷ್ಟೂ ವಾಪಸ್ ಬರಲಿಲ್ಲ. ಆ ನಷ್ಟ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಸ್ಪೀಕರ್ ವೈರ್. ಎರಡೂ ಕಡೆ ಮೂರು ಮೀಟರ್, ದಪ್ಪ, ಚಿನ್ನದ ಬಣ್ಣದ ಪ್ಲಗ್. ಅದಕ್ಕೆ ರಿಸೀವರ್ ಬೆಲೆಯ ಕಾಲು ಭಾಗ ಸುರಿದೆ. ಹೆಂಡತಿಯನ್ನು ವೈರ್ ಬದಲಿಸಲು ಕೂರಿಸಿ, ನಾನು ಕಣ್ಣು ಮುಚ್ಚಿ ಹತ್ತು ಸಲ ಕೇಳಿದೆ. ಮಾಮೂಲಿ 2.5 ಚದರ ಮಿಲಿಮೀಟರ್ ತಾಮ್ರದ ವೈರಿಗೂ ಅದಕ್ಕೂ ವ್ಯತ್ಯಾಸ ಹೇಳಲು ಆಗಲಿಲ್ಲ. ಆ ಗಡಿಬಿಡಿಯಲ್ಲೇ ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ಅದಲುಬದಲಾಗಿ, ಎರಡು ವಾರ ಬಾಸೇ ಇರಲಿಲ್ಲ. ದನಿ ನಡುವೆ ನಿಲ್ಲದೆ ತಲೆಯ ಸುತ್ತ ಹರಡಿದ ಹಾಗಾದರೆ ಮೊದಲು ಇದನ್ನು ನೋಡಿ. ರಿಸೀವರ್‌ನಿಂದ ಬಿಚ್ಚಿದ ವೈರಿನ ತುದಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿದರೆ ಸಾಕು, ಬಾಸ್ ನುಡಿಸುವ ದೊಡ್ಡ ಕೋನ್, ಅಂದರೆ ವೂಫರ್, ಮುಂದೆ ಬಂತಾ ಹಿಂದೆ ಹೋಯ್ತಾ ಕಾಣುತ್ತದೆ. ಸೆಲ್ಲನ್ನು ಒಂದೇ ಥರ ಹಿಡಿದಾಗ ಎರಡೂ ಸ್ಪೀಕರ್ ಒಂದೇ ಕಡೆ ಚಲಿಸಬೇಕು.

ದುಡ್ಡು ಹಾಕಿ ಉಪಯೋಗವಾಗಿದ್ದು ಸ್ಪೀಕರ್‌ಗೆ ಮಾತ್ರ. ಹಳೆಯದರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವ ಅಳತೆ, 84 ಡೆಸಿಬೆಲ್, ಹೊಸದರದ್ದು 89, ಎರಡರ ವಿದ್ಯುತ್ ತಡೆಯೂ 8 ಓಮ್. ಆ 5 ಡೆಸಿಬೆಲ್ ಅಂದರೆ ರಿಸೀವರ್‌ನ ಶಕ್ತಿ ಮೂರು ಪಟ್ಟಾದ ಹಾಗೆ. ಬಳಸಿದ್ದನ್ನೇ ಕೊಂಡೆ. ಮಾರಿ ಹೋದ ಆ ದೊಡ್ಡ ರಿಸೀವರ್‌ಗಿಂತ ಕಡಿಮೆಗೆ ಸಿಕ್ಕಿತು.

ಆದರೆ ಗುಂಯ್ ಹೋಗಲಿಲ್ಲ. ಅದು ಕೋಣೆಯದು. ನನ್ನ ಕೋಣೆ ಸುಮಾರು 4 ಮೀಟರ್ ಉದ್ದ. ಲೆಕ್ಕ ಹಾಕಿದರೆ 43 ಹರ್ಟ್ಝ್ ಹತ್ತಿರದ ತಗ್ಗು ದನಿಗೆ ಅದು ಮೊರೆಯಬೇಕು. ನಾನು ಸೋಫಾವನ್ನು ಹಿಂದಿನ ಗೋಡೆಗೆ ಒರಗಿಸಿದ್ದೆ. ಮೊರೆತ ಎಲ್ಲಕ್ಕಿಂತ ಜಾಸ್ತಿ ಕೇಳುವ ಜಾಗ ಅದೇ! ಸೋಫಾವನ್ನು 1.4 ಮೀಟರ್ ಮುಂದೆ ಎಳೆದೆ. ಸ್ಪೀಕರ್‌ಗಳನ್ನು ಮುಂದಿನ ಗೋಡೆಯಿಂದ 60-70 ಸೆಂಟಿಮೀಟರ್ ಈಚೆ ತಂದು, ಏರು ದನಿ ನುಡಿಸುವ ಚಿಕ್ಕ ಟ್ವೀಟರ್ ಕಿವಿಯ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿದೆ. ನಾನು ಮತ್ತು ಎರಡು ಸ್ಪೀಕರ್ ಸೇರಿ ಹೆಚ್ಚುಕಡಿಮೆ ಸಮಬಾಹು ತ್ರಿಕೋನ. ಒಂದು ವಾರ ನೆಲದ ಮೇಲೆ ಟೇಪ್ ಅಂಟಿಸಿ ಐದೈದು ಸೆಂಟಿಮೀಟರ್ ಸರಿಸುತ್ತಾ ಹೋದೆ. ಆಮೇಲೆ ಅಳೆಯುವ ಮೈಕ್ ಎರವಲು ತಂದು, ಆರ್‌ಇಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ನೋಡಿದೆ. ಹಳೇ ಜಾಗದಲ್ಲಿ 12 ಡೆಸಿಬೆಲ್ ಆಸುಪಾಸು ಇದ್ದ ಆ ಮೊರೆತದ ಉಬ್ಬು ಹೊಸ ಜಾಗದಲ್ಲಿ ಐದಾರಕ್ಕೆ ಇಳಿದಿತ್ತು. ಖರ್ಚು ಟೇಪಿನದ್ದು ಮಾತ್ರ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸ್ಪೀಕರ್ ಹಿಂದಿನ ಬಾಸ್ ಪೋರ್ಟ್‌ಗೆ, ಅಂದರೆ ಬಾಸ್ ಹೆಚ್ಚಿಸುವ ತೂತಿಗೆ, ಸುತ್ತಿದ ಕಾಲುಚೀಲ ತುರುಕಿದೆ. ಪೂರ್ತಿ ಮುಚ್ಚಿದಾಗ ಬಾಸ್ ಬಡಕಲಾಯಿತು, ಅರ್ಧ ಮುಚ್ಚಿದಾಗ ಮೃದಂಗದ ಎಡಭಾಗ ಬಿಡಿಬಿಡಿಯಾಗಿ ಕೇಳಿತು. ಒಂದು ತಿಂಗಳು ಹಾಗೇ ಬಿಟ್ಟಿದ್ದೆ. ಜಾಗ ಸರಿಹೋದ ಮೇಲೆ ಬೇಕಾಗಲಿಲ್ಲ, ತೆಗೆದೆ. ಜಾಗ ಬದಲಿಸಲು ಆಗದವರು ಇದನ್ನು ಮಾಡಿ ನೋಡಬಹುದು.

ಲೌಡ್‌ನೆಸ್ ಬಟನ್ ಯಾವಾಗಲೂ ಆನ್ ಇಟ್ಟಿದ್ದೂ ನನ್ನ ತಪ್ಪು. ಬಾಸ್ ಎತ್ತಿಕೊಡುವ ಅದು ರಾತ್ರಿ ಮೆಲ್ಲಗೆ ಕೇಳುವಾಗ ಬೇಕು, ವಾಲ್ಯೂಮ್ ಏರಿಸಿದಾಗ ಬೇಡ. ಬಾಸ್, ಟ್ರೆಬಲ್ (ಏರು ದನಿ) ಟೋನ್ ಗುಂಡಿ ಎರಡೂ ಈಗ ಸೊನ್ನೆಯಲ್ಲಿ. ಎರಡು ವಸ್ತು ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಇಲ್ಲವಾದರೆ ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. 100 ವ್ಯಾಟಿನದು ಮೊದಲ ದಿನ ನನಗೆ ಹಿಡಿಸಿದ್ದು ಹಾಗೇ.

ಸ್ಪೀಕರ್ ಕೆಳಗೆ ಏನು ಇಟ್ಟಿದ್ದೇನೆ, ಕೊನೆಯ ಒಂದು ಸೆಂಟಿಮೀಟರ್ ಯಾವ ರೆಕಾರ್ಡಿಂಗ್ ಹಾಕಿ ಹುಡುಕಿದೆ, ಇವೆರಡು ನನ್ನಲ್ಲೇ ಇರಲಿ. ಅದಕ್ಕೆ ಎರಡು ವರ್ಷ ಹಿಡಿದಿದೆ. ಎಡ ಸ್ಪೀಕರ್ ಪಕ್ಕ ಬರಿಗೋಡೆ, ಬಲಕ್ಕೆ ದಪ್ಪ ಪರದೆ ಇರುವುದರಿಂದ ದನಿ ಇನ್ನೂ ಒಂದೆಳೆ ಎಡಕ್ಕೆ ವಾಲುತ್ತದೆ. ಈ ವಾರ ಆ ಗೋಡೆಗೆ ಪುಸ್ತಕದ ಕಪಾಟು ಸರಿಸಿ ನೋಡುತ್ತಿದ್ದೇನೆ.