ಬದು ಸರಿಸಿದ ಐದು ಅಡಿ

ಗದಗ ಸೀಮೆಯ ಎರೆ ಭೂಮಿಯಲ್ಲಿ ತಂದೆಯವರು ಬಿಟ್ಟುಹೋದ ಎಂಟು ಎಕರೆಯನ್ನು ನಾನೂ ನನ್ನ ಅಣ್ಣನೂ ಸಮಪಾಲು ಮಾಡಿಕೊಂಡೆವು. ಅಣ್ಣ ನೌಕರಿಯ ಸಲುವಾಗಿ ಹುಬ್ಬಳ್ಳಿಗೆ ಹೋಗಿ ತನ್ನ ನಾಲ್ಕು ಎಕರೆಯನ್ನು ಬೇರೊಬ್ಬ ರೈತನಿಗೆ ಲಾವಣಿಗೆ (ಬಾಡಿಗೆ ಸಾಗುವಳಿಗೆ) ಹಾಕಿದ. ನಾನು ಊರಲ್ಲೇ ಉಳಿದು ಒಕ್ಕಲುತನ ಮಾಡಿದೆ. ಎರಡು ಹೊಲಗಳ ನಡುವಿನ ಬದುವನ್ನು ಪ್ರತಿ ವರ್ಷ ರಂಟೆ ಹೊಡೆಯುವಾಗ ನಾನು ಅಣ್ಣನ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದೆ. ವರ್ಷಕ್ಕೆ ಒಂದು ಗೇಣಿಗೂ ಕಡಿಮೆಯಾದ್ದರಿಂದ ಲಾವಣಿದಾರನ ಕಣ್ಣಿಗೆ ಅದು ಬೀಳಲಿಲ್ಲ. ಹನ್ನೊಂದು ವರ್ಷಗಳಲ್ಲಿ ಅದು ಐದು ಅಡಿಯಾಯಿತು.

ಇದನ್ನು ಮಾಡಿದವನು ದೇವರ ವಾಕ್ಯ ತಿಳಿಯದವನಲ್ಲ. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಮೇಲೆ ಈ ಸೀಮೆಯಲ್ಲಿ ಬೆಳೆದ ಸಭೆಗಳಲ್ಲೊಂದು ನಮ್ಮದು. ಮನುಷ್ಯನು ಏನು ಬಿತ್ತುತ್ತಾನೋ ಅದನ್ನೇ ಕೊಯ್ಯುವನೆಂದು ಪೌಲನು ಗಲಾತ್ಯದವರಿಗೆ ಬರೆದ ಮಾತನ್ನು ನಾನು ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆ. ಆದರೆ ಆ ಮಾತನ್ನು ನಾನು ಕೇಳಿದ್ದೆಲ್ಲ ಕಾಣಿಕೆಯ ಸಂಬಂಧದಲ್ಲಿ. ಒಂದು ವರ್ಷ ಉಜ್ಜೀವನ ಕೂಟವೊಂದರಲ್ಲಿ, ಕೊಟ್ಟದ್ದು ನೂರರಷ್ಟಾಗಿ ತಿರುಗಿ ಬರುವುದೆಂಬ ಪ್ರಸಂಗ ಕೇಳಿ ಸಾವಿರ ರೂಪಾಯಿಯನ್ನು 'ಬೀಜ'ವೆಂದು ಹಾಕಿ ಬಂದೆ. ಆ ಸಲ ಹಿಂಗಾರಿ ಮಳೆಯೇ ಕೈಕೊಟ್ಟಿತು, ಕಡಲೆ ಹೂವಿಗೆ ಬರುವ ಮೊದಲೇ ಒಣಗಿತು. ದೇವರು ನನಗೆ ಸಾವಿರ ರೂಪಾಯಿ ಬಾಕಿ ಇದ್ದಾನೆಂಬಂತೆ ನಾನು ಹಲವು ತಿಂಗಳು ಮುನಿಸಿಕೊಂಡಿದ್ದೆ. ಧಾರಾಳವಾಗಿ ಬಿತ್ತುವವನು ಧಾರಾಳವಾಗಿ ಕೊಯ್ಯುವನೆಂಬ ಮಾತನ್ನು ಪೌಲನು ಕೊರಿಂಥದವರಿಗೆ ಬರೆದದ್ದು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಎಂಬುದನ್ನು ಆಮೇಲೆ ಓದಿಕೊಂಡೆ. ಹಸಿದವರ ಹೊಟ್ಟೆಗೆ ಹೋಗುವ ಹಣದ ಬಗ್ಗೆ ಹೇಳಿದ್ದನ್ನು ಬಡ್ಡಿ ಲೆಕ್ಕವಾಗಿ ಓದುವುದು ತಪ್ಪೆಂದೇ ಈಗಲೂ ನನ್ನ ಅಭಿಪ್ರಾಯ.

ನನ್ನ ಕಣ್ಣು ತೆರೆದದ್ದು ಬೇರೆ ರೀತಿಯಲ್ಲಿ. ಮಗನಿಗೆ ಆಗ ಹತ್ತೊಂಬತ್ತು ವರ್ಷ. ಬಾಡಿಗೆ ಟ್ರ್ಯಾಕ್ಟರ್ ತಂದು ಅವನ ಕೈಗೆ ಕೊಟ್ಟು ನಾನು ಬೇವಿನ ಮರದ ಕೆಳಗೆ ಕುಳಿತಿದ್ದೆ. ಬದುವಿನ ಹತ್ತಿರದ ಕೊನೆಯ ಸಾಲಿಗೆ ಬಂದಾಗ ಅವನು ವೇಗ ತಗ್ಗಿಸಿ, ಸುತ್ತಲೂ ಒಮ್ಮೆ ನೋಡಿ, ಸ್ಟೇರಿಂಗನ್ನು ಸ್ವಲ್ಪವೇ ಎಡಕ್ಕೆ ಎಳೆದ. ನೇಗಿಲ ಹಲ್ಲು ಬದುವಿನ ಬುಡದಲ್ಲಿ ಇಳಿದು, ಕರಿಮಣ್ಣಿನ ಹೆಂಟೆಗಳು ನಮ್ಮ ಕಡೆಗೆ ಉರುಳಿದವು. ಹಾಗೆ ಮಾಡೆಂದು ನಾನು ಅವನಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಸುತ್ತ ನೋಡುವ ಆ ಪರಿಯೂ ನನ್ನದೇ ಆಗಿತ್ತು. ಎಕರೆಗೆ ಮೂರು ಕಿಲೋ ಮಾಲ್ದಂಡಿ ಜೋಳ ಬಿತ್ತಿ, ಮಳೆ ಹಿಡಿದ ವರ್ಷ ಐದಾರು ಕ್ವಿಂಟಲ್ ರಾಶಿ ಮಾಡಿದವನು ನಾನು. ಬಿತ್ತಿದ್ದಕ್ಕಿಂತ ಕೊಯ್ಯುವುದು ಹೆಚ್ಚೆಂಬುದು ನನಗೆ ಹೊಸದಲ್ಲ. ಹೊಲದಲ್ಲಿ ಬಿತ್ತಿದ್ದು ಮಗನಲ್ಲಿ ಮೊಳೆಯಬಹುದೆಂಬ ಮಾತು ಮಾತ್ರ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ಬದು ಸುಮಾರು 660 ಅಡಿ ಉದ್ದ. ಐದು ಅಡಿ ಅಗಲವೆಂದರೆ ಮೂರು ಗುಂಟೆಗಿಂತ ತುಸು ಹೆಚ್ಚು. ಒತ್ತುವರಿ ವರ್ಷ ವರ್ಷವೂ ಬೆಳೆಯುತ್ತ ಬಂದದ್ದರಿಂದ ಸರಾಸರಿ ಹಿಡಿದರೆ ಹನ್ನೊಂದು ವರ್ಷದಲ್ಲಿ ನಾನು ತಿಂದದ್ದು ಹೆಚ್ಚೆಂದರೆ ಎರಡು ಕ್ವಿಂಟಲ್ ಜೋಳ. ಇಷ್ಟಕ್ಕಾಗಿಯೇ ಎಂದು ಹೆಂಡತಿ ಕೇಳಿದಾಗ ಉತ್ತರಿಸಲು ಆಗಲಿಲ್ಲ. ಸುಗ್ಗಿ ಹಬ್ಬದ ಆರಾಧನೆಗೆ ಮೊದಲ ರಾಶಿಯ ಜೋಳವನ್ನು ಹೊತ್ತೊಯ್ದು ವೇದಿಯ ಮುಂದೆ ಇಡುತ್ತಿದ್ದೆ, ಆಮೇಲೆ ಲಿಲಾವಿನಲ್ಲಿ ಅದಕ್ಕೆ ಒಳ್ಳೆಯ ಬೆಲೆ ಬಂದರೆ ಹಿಗ್ಗುತ್ತಿದ್ದೆ. ಆ ಚೀಲಗಳಲ್ಲಿ ಅಣ್ಣನ ಜೋಳವೂ ಸೇರಿತ್ತು.

ಪಶ್ಚಾತ್ತಾಪದ ಪ್ರಾರ್ಥನೆ ಮಾಡಿ ಸುಮ್ಮನಾಗುವ ಆಸೆ ನನಗೂ ಇತ್ತು. ಆದರೆ ನೆರೆಯವನ ಗಡಿಯನ್ನು ಒತ್ತುವವನು ಶಾಪಗ್ರಸ್ತನೆಂದು ಬೈಬಲಿನ ಧರ್ಮೋಪದೇಶಕಾಂಡದ 27ನೆಯ ಅಧ್ಯಾಯ ಹೇಳುತ್ತದೆ, ಅನ್ಯಾಯವಾಗಿ ಪಡೆದದ್ದಕ್ಕೆ ಐದನೆಯ ಒಂದು ಪಾಲನ್ನು ಕೂಡಿಸಿ ಹಿಂದಿರುಗಿಸಬೇಕೆಂದು ಯಾಜಕಕಾಂಡದ 6ನೆಯ ಅಧ್ಯಾಯ ಹೇಳುತ್ತದೆ. ಯೇಸುವನ್ನು ಕಂಡು ಮನಸ್ಸು ತಿರುಗಿಸಿಕೊಂಡ ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ. ಅಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ. ಎರಡು ಕ್ವಿಂಟಲ್ ನಲವತ್ತು ಕಿಲೋ ಜೋಳವನ್ನು ತೂಗಿಸಿ, ಮಗನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಅವನನ್ನು ಬಿಟ್ಟು ಹೋಗುವುದು ಸುಲಭವಾಗುತ್ತಿತ್ತು, ಆದರೆ ತಪ್ಪು ಮಾಡಿದ್ದನ್ನು ಕಂಡವನು ಅದನ್ನು ಒಪ್ಪಿಕೊಳ್ಳುವುದನ್ನೂ ಕಾಣಲೆಂದು ಹಾಗೆ ಮಾಡಿದೆ. ಅಣ್ಣ ಎಲ್ಲವನ್ನೂ ಕೇಳಿ, "ನೀ ಬದು ಮುರಿಯೋದು ನನಗ ಆರು ವರ್ಷದಿಂದ ಗೊತ್ತೈತಿ. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ" ಎಂದ. ಜೋಳವನ್ನು ಇಳಿಸಿಕೊಂಡ. ಊಟಕ್ಕೆ ಏಳೆನ್ನಲಿಲ್ಲ.

ನಂತರದ ಕೆಲಸ ನಿಧಾನವಾಗಿ ಸಾಗಿತು. ನಾನೇ ಖರ್ಚು ಹಾಕಿ ಹದ್ದುಬಸ್ತಿಗೆ (ಹೊಲದ ಗಡಿ ಅಳೆದು ಗುರುತಿಸಲು) ಅರ್ಜಿ ಕೊಟ್ಟೆ. ಅಳತೆಯವರು ಬಂದು ಹಳೆಯ ಬಾಂದಕಲ್ಲನ್ನು ಹುಡುಕಿ ಗುರುತು ಹಾಕಿಕೊಟ್ಟರು. ಬೇಸಿಗೆಯಲ್ಲಿ ನಾನೂ ಮಗನೂ ಸೇರಿ ಬದುವನ್ನು ಮೊದಲಿನ ಜಾಗದಲ್ಲಿ ಏರಿಸಿದೆವು. ಎರೆ ಮಣ್ಣಿನ ಹೊಸ ಬದು ಬಿಸಿಲಿಗೆ ಬಿರುಕು ಬಿಡುತ್ತದೆ, ಮೊದಲ ಜೋರು ಮಳೆಗೆ ಆ ಬಿರುಕಿನಲ್ಲೇ ನೀರು ನುಗ್ಗಿ ಒಡೆಯುತ್ತದೆ. ನಮ್ಮದು ಮೂರು ಕಡೆ ಒಡೆದು ಅಣ್ಣನ ಹೊಲದ ಮಣ್ಣು ಕೊಚ್ಚಿಹೋಯಿತು, ಲಾವಣಿದಾರ ಬಂದು ಬೈದುಹೋದ. ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಗೊಳ್ಳಬಾರದು, ಮನಗುಂದದಿದ್ದರೆ ತಕ್ಕ ಸಮಯದಲ್ಲಿ ಬೆಳೆ ಕೊಯ್ಯುವೆವು ಎಂಬ ಮಾತು ಬಿತ್ತುವ ಕೊಯ್ಯುವ ವಚನಕ್ಕೆ ಎರಡೇ ವಚನದ ಕೆಳಗಿದೆ. ಅದನ್ನು ನಾನು ಗಮನವಿಟ್ಟು ಓದಿದ್ದು ಆ ಮಳೆಗಾಲದಲ್ಲಿ. ಮರುವರ್ಷ ಬದುವನ್ನು ಮತ್ತೆ ಏರಿಸಿ ಲಾವಂಚ ನೆಟ್ಟೆವು. ಅದು ಬೇರುಬಿಟ್ಟ ಮೇಲೆ ಬದು ನಿಂತಿತು.

ಅಣ್ಣನ ಮನಸ್ಸಿಗೆ ಹಾಗೆ ಬೇರು ಬಿಡಿಸುವ ಉಪಾಯ ನನ್ನ ಬಳಿ ಇರಲಿಲ್ಲ. ಜೋಳ ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಅವನು ನಮ್ಮ ಮನೆಯ ಹೊಸ್ತಿಲು ದಾಟಲು ಮೂರು ವರ್ಷ ಹಿಡಿಯಿತು. ದೇವರು ಕ್ಷಮಿಸಿದನೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಹಾಗೆಂದು ಬಿತ್ತಿದ್ದು ಮೊಳೆಯದೆ ಹೋಗಲಿಲ್ಲ. ಅರಸನಾದ ದಾವೀದನ ಪಾಪವನ್ನು ಕರ್ತನು ಕ್ಷಮಿಸಿದ್ದಾನೆಂದು ಪ್ರವಾದಿ ನಾತಾನನು ಹೇಳಿದ, ಆದರೂ ಅವನ ಮನೆಯಲ್ಲಿ ಕತ್ತಿಯ ಕಾಟ ತಪ್ಪಲಿಲ್ಲ. 'ಮಾಡಿದ್ದುಣ್ಣೋ ಮಹಾರಾಯ' ಎಂದು ಊರವರು ಹೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಗೆಳೆಯರೊಬ್ಬರು ಕೇಳಿದ್ದರು. ಉಣ್ಣುವುದು ತಪ್ಪದು, ಆದರೆ ಉಣ್ಣುವಾಗಲೂ ಹೊಸದಾಗಿ ಬಿತ್ತಲು ಕೈಯಲ್ಲಿ ಬೀಜ ಉಳಿದಿರುತ್ತದೆ ಎಂಬುದಷ್ಟೇ ನಾನು ಕಂಡ ವ್ಯತ್ಯಾಸ.

ಕಳೆದ ಹಿಂಗಾರಿಯಲ್ಲಿ ಮಗ ಬಿತ್ತನೆಗೆ ಹೊಲ ಹದಮಾಡುವಾಗ ಬದುವಿನಿಂದ ಎರಡು ಅಡಿ ಈಚೆಗೇ ಟ್ರ್ಯಾಕ್ಟರ್ ತಿರುಗಿಸಿದ. ಅಷ್ಟು ಜಾಗ ಸುಮ್ಮನೆ ಹಾಳಾಯಿತಲ್ಲ ಎಂದು ನಾನು ಗೊಣಗಿದೆ. ಒಂದೂಕಾಲು ಗುಂಟೆಯ ಲೆಕ್ಕ ಆಗಲೇ ತಲೆಯಲ್ಲಿ ಮೂಡಿತ್ತು. "ಇರಲಿ ಬಿಡಪ್ಪಾ" ಎಂದು ಅವನು ಮುಂದಿನ ಸಾಲಿಗೆ ಹೋದ.